ಗುರುಮಠಕಲ್‌ನಲ್ಲಿ ಒಂದು ಹನಿ ರಕ್ತ

ಯಾದಗಿರಿಯಿಂದ ಗುರುಮಠಕಲ್ ಸುಮಾರು ನಲವತ್ತು ಕಿಲೋಮೀಟರ್ ದೂರ. ಬಸ್ಸು ಕೋಟೆ ಬೆಟ್ಟವನ್ನು ಹಿಂದೆ ಬಿಟ್ಟು ಪೂರ್ವಕ್ಕೆ ಹೊರಳಿತೆಂದರೆ ಭೀಮೆಯ ಆಚೆ ದಂಡೆಯ ನಮ್ಮ ಕಡೆಯ ಎರೆಭೂಮಿ ಮರೆತೇ ಹೋಗುತ್ತದೆ. ಕೆಂಪು ಮಣ್ಣು, ಯಾರೋ ಒಂದರ ಮೇಲೊಂದು ಪೇರಿಸಿಟ್ಟು ಮರೆತು ಹೋದಂಥ ಬಂಡೆಗಳು, ನಡುನಡುವೆ ತೊಗರಿ, ಹತ್ತಿ. ಬಸ್ಸಿನೊಳಗಿನ ಮಾತೂ ಬದಲಾಗುತ್ತದೆ. ಹಿಂದಿನ ಸೀಟಿನಲ್ಲಿ ಕನ್ನಡ, ಮುಂದಿನದರಲ್ಲಿ ತೆಲುಗು, ಕಂಡಕ್ಟರನೊಡನೆ ಚಿಲ್ಲರೆಯ ತಕರಾರು ದಖನಿ ಉರ್ದುವಿನಲ್ಲಿ, ತಾಂಡಾದ ಹೆಣ್ಣುಮಕ್ಕಳ ನಡುವೆ ಲಂಬಾಣಿ. ಗಡಿ ಹತ್ತಿರ ಬಂತೆಂಬುದು ಕಿಲೋಮೀಟರ್ ಕಲ್ಲಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಊರಿನ ಹೆಸರಿನಲ್ಲಿ ಗುರುವೂ ಇದ್ದಾನೆ, ಮಠವೂ ಇದೆ, ಕಲ್ಲೂ ಇದೆ. ಆಡುಮಾತಿನಲ್ಲಿ ಅದು ‘ಗುರಮಿಟ್ಕಲ್’ ಆಗಿಬಿಡುತ್ತದೆ. ನಿಜಾಮರ ಆಳ್ವಿಕೆಯಲ್ಲಿ 1948ರವರೆಗೆ ಇದ್ದ ಸೀಮೆ ಇದು. ಹಾಗಾಗಿ ಆ ‘ಮಿಟ್’ನಲ್ಲಿ ಉರ್ದುವಿನ ‘ಮೀಠಾ’ ಬಂದು ಸೇರಿಕೊಂಡಂತೆ ನನ್ನ ಕಿವಿಗೆ ಕೇಳುತ್ತದೆ. ಭಾಷೆ ಬಲ್ಲವರು ಒಪ್ಪಲಿಕ್ಕಿಲ್ಲ. ಸಿಹಿಯ ವಿಚಾರವಾಗಿಯೇ ಅಲ್ಲಿಗೆ ಹೊರಟಿದ್ದ ನನಗೆ ಹಾಗೆ ಕೇಳಿಸಿತು, ಅಷ್ಟೆ.

1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, ಬಹುಕಾಲ ಗುಲಬರ್ಗಾ ಜಿಲ್ಲೆಯಲ್ಲಿದ್ದ ಈ ಊರು 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾದಾಗ ಅದರ ಪಾಲಿಗೆ ಬಂತು. 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗಿನ ಎಂಟು ಚುನಾವಣೆಗಳಲ್ಲಿ ಸತತವಾಗಿ ಗೆದ್ದುಬಂದ ಕ್ಷೇತ್ರವೆಂದು ಊರನ್ನು ನೋಡದವರಿಗೂ ಹೆಸರು ಗೊತ್ತು.

ಮಳೆಗಾಲದ ಕೊನೆಯಲ್ಲಿ ಹೋದರೆ ನಜರಾಪುರದ ಜಲಪಾತ ತುಂಬಿರುತ್ತದೆ. ಜನ ಅದನ್ನು ದಬದಭಿ ಎಂದೂ ಕರೆಯುತ್ತಾರೆ. ಹೆಸರು ಹೇಳಿದರೆ ನೀರು ಬೀಳುವ ಸದ್ದು ಕೇಳಿದಂತಾಗುತ್ತದೆ. ಚಿಂತನಹಳ್ಳಿಯ ಗವಿ ಸಿದ್ಧಲಿಂಗೇಶ್ವರನಲ್ಲಿಗೂ ಆಗ ಜನ ಹೋಗುತ್ತಾರೆ. ಇನ್ನು ಕಂದಕೂರು. ನಾಗರ ಪಂಚಮಿಯ ದಿನ ನಾಡೆಲ್ಲ ಹುತ್ತಕ್ಕೆ ಹಾಲೆರೆಯುವಾಗ ಇಲ್ಲಿಯವರು ಬೆಟ್ಟ ಹತ್ತಿ, ಕಲ್ಲೆಬ್ಬಿಸಿ ಚೇಳು ಹಿಡಿದು ಅಂಗೈ, ತೋಳು, ಮುಖದ ಮೇಲೆಲ್ಲ ಬಿಟ್ಟುಕೊಳ್ಳುತ್ತಾರೆ. ಚಿಕ್ಕ ಮಕ್ಕಳೂ ಬಿಟ್ಟುಕೊಳ್ಳುತ್ತಾರೆ. ವಿಜ್ಞಾನ ಕಲಿಸುವ ನಾನು ಇದನ್ನು ನನ್ನ ವಿದ್ಯಾರ್ಥಿಗಳಿಗೆ ಮಾಡಿರೆಂದು ಹೇಳಲಾರೆ. ಅದೇ ಮಕ್ಕಳ ಬೆರಳಿಗೆ ನರ್ಸ್ ಸೂಜಿ ತಂದರೆ ಅಳುತ್ತಾ ಓಡುತ್ತಾರೆಂಬುದೂ ನಿಜ.

ನಾನು ಹೋದದ್ದು ಅಂಥದೊಂದು ಬೆರಳು ನೋಡಲು. ನನ್ನ ಹತ್ತಿರ ಹತ್ತನೇ ತರಗತಿ ಓದಿದ ಹುಡುಗನೊಬ್ಬ ಈಗ ಈ ಕಡೆ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಮಗಳಿಗೆ ಆರು ವರ್ಷ, ಒಂದನೇ ತರಗತಿ. ದುಂಡು ಕೆನ್ನೆ, ಬೊಂಬೆಯಂಥ ಮುಖ, ವಯಸ್ಸಿಗೆ ಕಡಿಮೆ ಎತ್ತರ, ಉಬ್ಬಿದ ಹೊಟ್ಟೆ. ಅಜ್ಜಿ ಹೇಳಿದ ಮಾತು ಯಾವ ವೈದ್ಯಕೀಯ ಪುಸ್ತಕದ ವಿವರಣೆಗೂ ಕಡಿಮೆಯದಲ್ಲ: “ಹೊಟ್ಟಿ ನೋಡಿದ್ರ ಉಂಡಂಗ ಕಾಣ್ತದ ಮಾಸ್ತರ, ಮಾರಿ ನೋಡಿದ್ರ ಉಪಾಸ ಇದ್ದಂಗ.”

ಮೊದಲ ಸಲ ಫಿಟ್ಸ್ ಬಂದಾಗ ಕೂಸಿಗೆ ಒಂಬತ್ತು ತಿಂಗಳು. ಬೆಳಗಿನ ಜಾವದಲ್ಲಿ ಮೈಯೆಲ್ಲ ತಣ್ಣಗೆ ಬೆವೆತು, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಕೈಗೆ ಕಬ್ಬಿಣದ ಕೀಲಿ ಕೊಟ್ಟರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಗಾಳಿ ಆಗಿದೆಯೆಂದು ಯಾರೋ ತಾಯತ ಕಟ್ಟಿಸಿದರು. ಆಮೇಲೆ ಒಂದು ದವಾಖಾನೆಯಲ್ಲಿ ಫಿಟ್ಸ್ ಗುಳಿಗೆ ಶುರುವಾದವು. ಅವನ್ನು ಎರಡು ವರ್ಷ ನುಂಗಿಸಿದರೂ ನಸುಕಿನ ಫಿಟ್ಸ್ ನಿಲ್ಲಲಿಲ್ಲ. ಕೊನೆಗೆ ಹೈದರಾಬಾದಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ನಸುಕಿನಲ್ಲಿ ಬೆರಳು ಚುಚ್ಚಿ ನೋಡಿದಾಗ ರಕ್ತದ ಸಕ್ಕರೆ 31 ಇತ್ತು. ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 31 ಮಿಲಿಗ್ರಾಂ. ಇಷ್ಟು ಬೆಳೆದ ಮಗುವಿನಲ್ಲಿ ಅದು 70ಕ್ಕಿಂತ ಕೆಳಗಿಳಿದರೆ ಎಚ್ಚರ, 54ಕ್ಕಿಂತ ಕೆಳಗಿಳಿದರೆ ಅಪಾಯ ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ.

“ಎರಡು ವರ್ಷದಾಗ ಯಾರೂ ಒಂದ್ ಸಲಾನೂ ಆಕಿ ಸಕ್ರಿ ನೋಡಿರಲಿಲ್ಲರಿ ಸರ್” ಎಂದ ನನ್ನ ವಿದ್ಯಾರ್ಥಿ. “ನಮ್ಮಪ್ಪಂದು ಮಾತ್ರ ತಿಂಗಳಾ ಮನಿಗೇ ಬಂದು ನೋಡಿ ಹೋಗ್ತಿದ್ರು.”

ಈ ಮಾತಿನ ಮೇಲೆ ನಾನು ಆ ರಾತ್ರಿಯೆಲ್ಲ ಯೋಚಿಸಿದೆ. ಒಂದೇ ಮನೆ, ಒಂದೇ ಪಡಸಾಲೆ. ತಾತನಿಗೆ ಸಕ್ಕರೆ ಕಾಯಿಲೆ. ಅವರ ಬೆರಳಿಗೆ ಯಂತ್ರ ತಿಂಗಳು ತಿಂಗಳು ಬರುತ್ತದೆ. ಎರಡು ಮಾರು ದೂರದ ತೊಟ್ಟಿಲಿನಲ್ಲಿ ಸಕ್ಕರೆ ಇಳಿದು ನಡುಗುವ ಕೂಸು. ಯಂತ್ರ ಪೆಟ್ಟಿಗೆಗೆ ಮರಳುತ್ತದೆ.

ಇಷ್ಟಕ್ಕೂ ಆ ಮಗುವಿಗೆ ಏನಾಗಿದೆ? ನಮ್ಮ ಸೀಮೆಯ ಮಕ್ಕಳಿಗೆ ಇದನ್ನು ಹಗೇವಿನಿಂದ ಹೇಳುವುದು ಸುಲಭ. ಹಗೇವು ಎಂದರೇನೆಂದು ಈಗ ಅದನ್ನೂ ವಿವರಿಸಬೇಕಾಗಿದೆ, ಇರಲಿ. ಮನೆಯ ಮುಂದೆ ಅಥವಾ ಊರ ಬಯಲಿನಲ್ಲಿ ನೆಲ ತೋಡಿ, ಒಳಗೆ ಹುಲ್ಲು ಹೊದಿಸಿ, ಸುಗ್ಗಿಯ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ಬರ ಬಂದಾಗ, ಮನೆಯ ಕಾಳು ತೀರಿದಾಗ ಕಲ್ಲು ಸರಿಸುತ್ತಿದ್ದರು. ನಮ್ಮ ಯಕೃತ್ತು ದೇಹದ ಹಗೇವು. ಉಂಡಾಗ ರಕ್ತಕ್ಕೆ ಬಂದ ಗ್ಲುಕೋಸಿನಲ್ಲಿ ಒಂದು ಪಾಲನ್ನು ಅದು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ರಾತ್ರಿ ಎಲ್ಲರೂ ಮಲಗಿದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ. ನಾವು ಮಲಗಿದರೂ ಮೆದುಳು ಮಲಗುವುದಿಲ್ಲವಲ್ಲ. ಐದಾರು ವರ್ಷದ ಮಗುವಿನ ದೇಹ ಸುಮ್ಮನಿದ್ದಾಗ ಖರ್ಚು ಮಾಡುವ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮೆದುಳೊಂದಕ್ಕೇ ಬೇಕು.

ಈ ಹುಡುಗಿಯ ಹಗೇವು ತುಂಬಿದೆ. ತುಂಬಿ ತುಂಬಿ ಯಕೃತ್ತು ಊದಿಕೊಂಡಿದೆ. ಬಾಯಿಯ ಕಲ್ಲು ಮಾತ್ರ ಏಳುವುದಿಲ್ಲ. ಕಲ್ಲು ಎತ್ತುವ ಕೆಲಸ ‘ಗ್ಲುಕೋಸ್-6-ಫಾಸ್ಫಟೇಸ್’ ಎಂಬ ಕಿಣ್ವದ್ದು. ಅದು ಆಕೆಯಲ್ಲಿ ಹುಟ್ಟಿನಿಂದಲೇ ಇಲ್ಲ. ಉಂಡು ಮೂರು-ನಾಲ್ಕು ತಾಸಾಯಿತೆಂದರೆ ರಕ್ತದಲ್ಲಿ ಸಕ್ಕರೆ ಇಳಿಯತೊಡಗುತ್ತದೆ. ಎಡ್ಗರ್ ಫಾನ್ ಗೀರ್ಕೆ ಎಂಬ ಜರ್ಮನ್ ವೈದ್ಯ 1929ರಲ್ಲಿ ಇದನ್ನು ವಿವರಿಸಿದ. ಕೊರತೆ ಈ ಕಿಣ್ವದ್ದೇ ಎಂದು 1952ರಲ್ಲಿ ತೋರಿಸಿಕೊಟ್ಟವರು ಗೆರ್ಟಿ ಕೋರಿ ಮತ್ತು ಕಾರ್ಲ್ ಕೋರಿ ದಂಪತಿ. ಗೆರ್ಟಿ ಆ ಹೊತ್ತಿಗಾಗಲೇ 1947ರಲ್ಲಿ ವೈದ್ಯಕೀಯದ ನೊಬೆಲ್ ಪಡೆದ ಮೊದಲ ಮಹಿಳೆಯಾಗಿದ್ದರು. ಲಕ್ಷ ಹೆರಿಗೆಗೆ ಒಂದರಂತೆ ಕಾಣಿಸುವ ಕಾಯಿಲೆ. ತಂದೆ, ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಸೋದರಿಕೆಯಲ್ಲೇ ನಡೆಯುತ್ತದೆ. ಇಂಥ ಅಪರೂಪದ ಕಾಯಿಲೆಗಳು ನಮ್ಮ ಕಡೆ ಅಷ್ಟೇನೂ ಅಪರೂಪವಲ್ಲದಿರುವುದಕ್ಕೆ ಇದೊಂದು ಕಾರಣ. ನನ್ನ ವಿದ್ಯಾರ್ಥಿಯ ಹೆಂಡತಿ ಅವನ ಸೋದರತ್ತೆಯ ಮಗಳು. ಇದನ್ನು ಹೇಳುವಾಗ ಅವರಿಬ್ಬರೂ ತಲೆ ತಗ್ಗಿಸಿದರು. ತಗ್ಗಿಸಬೇಕಾದ್ದಿಲ್ಲ, ತಲೆತಲಾಂತರದಿಂದ ಬಂದ ಪದ್ಧತಿಗೆ ಆ ಹುಡುಗ ಹುಡುಗಿ ಹೊಣೆಯಲ್ಲ.

ಔಷಧಿ ಕೇಳಿದರೆ ನಗು ಬರುತ್ತದೆ, ಕಿರಾಣಿ ಅಂಗಡಿಯಲ್ಲೇ ಇದೆ. ಬೇಯಿಸದ ಕಾರ್ನ್‌ಫ್ಲೋರ್. ನೀರಿನಲ್ಲಿ ಕಲಸಿ ಹಸಿಯಾಗಿಯೇ ಕುಡಿಸಿದರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಜೀರ್ಣವಾಗುತ್ತ ತಾಸುಗಟ್ಟಲೆ ಗ್ಲುಕೋಸ್ ಬಿಡುತ್ತಿರುತ್ತದೆ. 1984ರಲ್ಲಿ ಈ ಉಪಾಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗುವವರೆಗೆ ಇಂಥ ಮಕ್ಕಳಿಗೆ ರಾತ್ರಿಯಿಡೀ ಮೂಗಿನ ನಳಿಕೆಯಿಂದ ಗ್ಲುಕೋಸ್ ಹನಿಸಬೇಕಾಗಿತ್ತು. ಬೇಯಿಸಿದರೆ ಗುಣ ಹೋಯಿತು. ಮೆಕ್ಕೆಜೋಳ ಬೀಸಿದ ಹಿಟ್ಟೂ ಬೇರೆ, ಈ ಪಿಷ್ಟವೂ ಬೇರೆ. ಎಷ್ಟು, ಎಷ್ಟು ತಾಸಿಗೊಮ್ಮೆ ಎಂಬುದನ್ನು ವೈದ್ಯರು ತೂಕ ನೋಡಿ ಹೇಳಬೇಕು. ಕಾಯಿಲೆ ಬೇರೆಯಾದರೆ ಉಪಾಯವೂ ಬೇರೆ. ಮೇದೋಜೀರಕ ಗ್ರಂಥಿ ಹುಟ್ಟಿನಿಂದಲೇ ಇನ್ಸುಲಿನ್ ಅತಿಯಾಗಿ ಸುರಿಸುವ ಮಕ್ಕಳಿದ್ದಾರೆ. ಅವರ ಚಿಕಿತ್ಸೆಯೇ ಬೇರೆ. ಆದ್ದರಿಂದ ಇದನ್ನು ಓದಿ ಯಾರೂ ಮನೆಯಲ್ಲೇ ಪ್ರಯೋಗಕ್ಕೆ ಇಳಿಯಬಾರದು.

ಔಷಧಿ ಅಗ್ಗ, ಪರೀಕ್ಷೆ ದುಬಾರಿ. ಅವನು ನೂರು ಪುಟದ ನೋಟ್‌ಬುಕ್ ತಂದು ನನ್ನ ಮುಂದಿಟ್ಟ. ತಾರೀಖು, ವೇಳೆ, ಅಂಕಿ; ಅಂಗಡಿಯ ಉದ್ರಿ ಲೆಕ್ಕದಷ್ಟೇ ಅಚ್ಚುಕಟ್ಟು. ರಾತ್ರಿ ಹತ್ತಕ್ಕೆ 96. ಎರಡಕ್ಕೆ 78. ಐದಕ್ಕೆ 64. ಜ್ವರ ಬಂದ ದಿನಗಳಲ್ಲಿ ಅಂಕಿಗಳು ಹತ್ತಿರ ಹತ್ತಿರ, ಅಕ್ಷರ ಸೊಟ್ಟ. ರಾತ್ರಿ ಎರಡಕ್ಕೂ ಐದಕ್ಕೂ ಗಂಡ ಹೆಂಡತಿ ಪಾಳಿಯ ಮೇಲೆ ಏಳುತ್ತಾರೆ. ನಡುವೆ ಮೂರು ವಾರ ಪುಟ ಖಾಲಿ ಇತ್ತು. ಏಕೆಂದು ಕೇಳಿದೆ. “ಆವಾಗ ಸ್ಟ್ರಿಪ್ ತರ್ಲಿಕ್ಕ ಆಗ್ಲಿಲ್ಲರಿ” ಎಂದ.

ಯಂತ್ರವನ್ನು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಸ್ಟ್ರಿಪ್ ಹಾಗಲ್ಲ; ಒಂದು ಹನಿಗೆ ಒಂದು, ಮತ್ತೆ ಬಿಸಾಡಬೇಕು. ಕಂಪನಿಯಂತೆ ಒಂದಕ್ಕೆ ಹದಿನೈದರಿಂದ ಇಪ್ಪತ್ತೈದು ರೂಪಾಯಿ. ದಿನಕ್ಕೆ ಐದು ಸಲ ನೋಡಿದರೆ ನೂರು ರೂಪಾಯಿ ಹತ್ತಿರ ಬಂತು. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಅಂಗಡಿ ಇದ್ದ ಇವನಿಗೇ ಮೂರು ವಾರ ತಪ್ಪಿದರೆ, ಸುಗ್ಗಿ ಮುಗಿದೊಡನೆ ಹೈದರಾಬಾದಿಗೋ ಬೆಂಗಳೂರಿಗೋ ಗುಳೆ ಹೋಗಿ ಕಟ್ಟಡದ ಬುಡದಲ್ಲಿ ಮಗು ಮಲಗಿಸುವವರ ಪಾಡೇನು? 2014ರ ಜನವರಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಎರಡು ದೇಶೀ ಗ್ಲುಕೋಮೀಟರ್‌ಗಳು ಬಿಡುಗಡೆಯಾದವು; ಒಂದು ಹೈದರಾಬಾದಿನ ಬಿಟ್ಸ್ ಸಂಸ್ಥೆಯಲ್ಲೇ ರೂಪುಗೊಂಡದ್ದು. ಸ್ಟ್ರಿಪ್ ಎರಡರಿಂದ ನಾಲ್ಕು ರೂಪಾಯಿಗೆ ಸಿಗುವುದೆಂದು ಆಗ ಪತ್ರಿಕೆಗಳಲ್ಲಿ ಓದಿ ತರಗತಿಯಲ್ಲಿ ಹೇಳಿದ್ದೆ. ಈ ಪೇಟೆಯ ಔಷಧಿ ಅಂಗಡಿಗಳಲ್ಲಿ ನಾನು ವಿಚಾರಿಸಿದಾಗ ಆ ಬೆಲೆಯ ಸ್ಟ್ರಿಪ್ ಸಿಗಲಿಲ್ಲ.

ಇನ್ನೊಂದು ಕಷ್ಟ ಬಿಸಿಲಿನದು. ಹೆಚ್ಚಿನ ಸ್ಟ್ರಿಪ್ ಡಬ್ಬಿಗಳ ಮೇಲೆ 30 ಡಿಗ್ರಿಗಿಂತ ತಂಪಿನಲ್ಲಿ ಇಡಿ ಎಂದು ಬರೆದಿರುತ್ತದೆ. ಯಾದಗಿರಿ ಸೀಮೆಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ದಿನನಿತ್ಯದ ಮಾತು. ಸ್ಟ್ರಿಪ್ಪಿನ ತುದಿಯಲ್ಲಿ ಒಣಗಿಸಿ ಹಚ್ಚಿರುವುದು ಒಂದು ಕಿಣ್ವ. ರಕ್ತದ ಗ್ಲುಕೋಸ್ ಅದಕ್ಕೆ ತಗುಲಿದಾಗ ಎಲೆಕ್ಟ್ರಾನುಗಳು ಹೊರಟು ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ತನ್ನು ಅಳೆದು ಯಂತ್ರ ಅಂಕಿ ತೋರಿಸುತ್ತದೆ. ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಈ ಯುಕ್ತಿ ಲೀಲ್ಯಾಂಡ್ ಕ್ಲಾರ್ಕ್ ಎಂಬಾತನದು, 1962ರದು. ಕಾವು, ತೇವ ಎರಡೂ ಕಿಣ್ವಕ್ಕೆ ವೈರಿ. ಫ್ರಿಜ್ ಇಲ್ಲದ ಆ ಮನೆಯಲ್ಲಿ ಡಬ್ಬಿಯನ್ನು ಒಳಕೋಣೆಯ ದಪ್ಪ ಕಲ್ಲುಗೋಡೆಯ ಗೂಡಿನಲ್ಲಿ, ಬಿಗಿಯಾಗಿ ಮುಚ್ಚಳ ಹಾಕಿ ಇಡುತ್ತಾರೆ. ನೀರಿನ ಕೊಡದ ಪಕ್ಕದಲ್ಲಿ ಇಡಬಾರದೆಂದು ಆ ತಾಯಿಗೆ ಯಾರೂ ಹೇಳಿಕೊಟ್ಟಿಲ್ಲ. ಒಮ್ಮೆ ಇಟ್ಟು, ಅಂಕಿ ಹೆಚ್ಚುಕಡಿಮೆ ಬಂದದ್ದು ನೋಡಿ ತಾನೇ ಕಂಡುಕೊಂಡಿದ್ದಾಳೆ. ಪ್ರಯೋಗಶಾಲೆ ಇಲ್ಲದ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗ ನಾನು ನೋಡಿಲ್ಲ.

ಅಂಕಿಯನ್ನು ಎಷ್ಟು ನಂಬಬೇಕು ಎಂಬುದೂ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ. ಮನೆಬಳಕೆಯ ಗ್ಲುಕೋಮೀಟರಿಗೆ 2013ರ ಅಂತಾರಾಷ್ಟ್ರೀಯ ಮಾನದಂಡವೊಂದಿದೆ. 100ಕ್ಕಿಂತ ಕೆಳಗಿನ ಅಳತೆಯಲ್ಲಿ ನೂರಕ್ಕೆ ತೊಂಬತ್ತೈದು ಸಲ, ನಿಜವಾದ ಬೆಲೆಗಿಂತ 15ರಷ್ಟು ಹೆಚ್ಚು ಅಥವಾ ಕಡಿಮೆಯೊಳಗೆ ಇರಬೇಕೆಂದು ಅದು ಹೇಳುತ್ತದೆ. ತಾತನ 260 ನಿಜದಲ್ಲಿ 245 ಆಗಿದ್ದರೆ ಏನೂ ಮುಳುಗುವುದಿಲ್ಲ. ಮೊಮ್ಮಗಳ 60 ಎಂಬುದು 75 ಆಗಿದ್ದರೆ ನಿದ್ದೆ ಮಾಡಲು ಬಿಡಬಹುದು, 45 ಆಗಿದ್ದರೆ ಕೂಡಲೇ ಎಬ್ಬಿಸಬೇಕು. ಈ ಯಂತ್ರಗಳು ಹುಟ್ಟಿದ್ದು ಏರಿದ ಸಕ್ಕರೆಯನ್ನು ಹುಡುಕಲು. ಇಳಿದ ಸಕ್ಕರೆಯ ಮಕ್ಕಳು ಅದನ್ನು ಎರವಲು ಪಡೆದು ಬಳಸುತ್ತಿದ್ದಾರೆ, ಅದೂ ಅದರ ಕಣ್ಣು ಮಂಜಾಗಿರುವ ಕಡೆ. ಆದ್ದರಿಂದ ಒಂದು ಅಂಕಿಗಿಂತ ಹಲವು ಅಂಕಿಗಳ ಜಾಡು ಮುಖ್ಯ, ಅದಕ್ಕೆ ಮತ್ತಷ್ಟು ಸ್ಟ್ರಿಪ್ ಬೇಕು! ಬೆಲ್ಲ ಮುಟ್ಟಿದ ಬೆರಳು ತೊಳೆಯದೆ ಚುಚ್ಚಿದರೆ ಇಳಿದ ಸಕ್ಕರೆಯೂ ಏರಿದಂತೆ ಕಂಡೀತು.

ಚುಚ್ಚುವ ಗೋಜಿಲ್ಲದೆ ತೋಳಿಗೆ ಅಂಟಿಸುವ ಸೆನ್ಸರ್‌ಗಳು ಬಂದಿವೆ. ಚರ್ಮದಡಿಯ ದ್ರವದಲ್ಲಿ ಸಕ್ಕರೆಯನ್ನು ಹಗಲೂ ರಾತ್ರಿ ನೋಡುತ್ತ, ಇಳಿದರೆ ಫೋನಿನಲ್ಲಿ ಗಂಟೆ ಬಾರಿಸುವ ಬಗೆಯವೂ ಇವೆ. ರಕ್ತಕ್ಕಿಂತ ಹತ್ತು ನಿಮಿಷದಷ್ಟು ಹಿಂದೆ ಓಡುತ್ತವೆ, ಮಗು ಆ ತೋಳಿನ ಮೇಲೆ ಮಗ್ಗುಲಾದರೆ ಸುಳ್ಳು ಗಂಟೆಯೂ ಹೊಡೆದೀತು. ಆದರೂ ರಾತ್ರಿ ಎರಡಕ್ಕೆ ಏಳುವ ತಾಯಿಗೆ ಅದು ವರವೇ. ಒಂದು ಸೆನ್ಸರ್ ಎರಡು ವಾರ ಬರುತ್ತದೆ, ಬೆಲೆ ನಾಲ್ಕೈದು ಸಾವಿರ ರೂಪಾಯಿ. ಆ ಮನೆಯಲ್ಲಿ ಒಂದೇ ಒಂದು ಸಲ, ಆಸ್ಪತ್ರೆಯವರು ಹಚ್ಚಿ ಕಳಿಸಿದ್ದರಂತೆ. “ಆ ಹದಿನಾಲ್ಕು ದಿನ ನಿದ್ದಿ ಮಾಡೀವ್ರಿ” ಎಂದಳು ಆಕೆ. ಶ್ರೀಮಂತ ದೇಶಗಳಲ್ಲೂ ಈ ಸೆನ್ಸರ್‌ನ ಬಾಗಿಲು ಮೊದಲು ತೆರೆದದ್ದು ಸಕ್ಕರೆ ಕಾಯಿಲೆಯವರಿಗೆ. ಇಂಗ್ಲೆಂಡಿನಲ್ಲಿ ಟೈಪ್-1 ಮಧುಮೇಹದ ಎಲ್ಲರಿಗೂ ಕೊಡಬೇಕೆಂಬ ಮಾರ್ಗಸೂಚಿ 2022ರಲ್ಲಿ ಬಂದಾಗ ಅದೂ ಮಧುಮೇಹದ ಮಾರ್ಗಸೂಚಿಯೇ ಆಗಿತ್ತು.

ನಮ್ಮಲ್ಲಿ ಮಾತಿನಲ್ಲೇ ಈ ಕೊರತೆ ಇದೆ. ‘ಸಕ್ಕರೆ ಕಾಯಿಲೆ’, ‘ಶುಗರ್’ ಎಂದರೆ ಏರಿದ ಸಕ್ಕರೆ ಒಂದೇ. ಇಳಿಯುವುದಕ್ಕೆ ಹೆಸರಿಲ್ಲ, ಸುಸ್ತು, ಕಣ್ಣು ಕತ್ತಲೆ, ಗಾಳಿ, ಫಿಟ್ಸ್ ಎಂದು ಬೇರೆ ಬೇರೆ ಖಾತೆಗೆ ಜಮಾ ಆಗುತ್ತದೆ. ಹೆಸರಿಲ್ಲದ್ದಕ್ಕೆ ಸರ್ಕಾರದ ನಮೂನೆಯಲ್ಲೂ ಅಂಕಣ ಇರುವುದಿಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಊರೂರಿನ ಆರೋಗ್ಯ ಕೇಂದ್ರಕ್ಕೆ ಗ್ಲುಕೋಮೀಟರ್ ಬಂದದ್ದು ದೊಡ್ಡ ಸಾಧನೆ, ಅದನ್ನು ಮೆಚ್ಚಲೇಬೇಕು. ನಾನು ಮಾಸ್ತರಿಕೆ ಶುರು ಮಾಡಿದಾಗ ಈ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತಬೇಕಿತ್ತು. ಆದರೆ ಆ ತಪಾಸಣೆ 30 ವರ್ಷ ದಾಟಿದವರಿಗೆ. ಮಕ್ಕಳಿಗೆಂದು ಬೇರೆಯೇ ಕಾರ್ಯಕ್ರಮವಿದೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅದರ ವೈದ್ಯರ ತಂಡ ಶಾಲೆಗೆ, ಅಂಗನವಾಡಿಗೆ ಬಂದು ಹಲ್ಲು, ಕಿವಿ, ಹೃದಯವೆಲ್ಲ ನೋಡುತ್ತದೆ. ನೋಡಬೇಕಾದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಫಿಟ್ಸ್ ಇದೆ, ಇಳಿದ ಸಕ್ಕರೆ ಇಲ್ಲ. ಒಂದು ಪಟ್ಟಿಯಲ್ಲಿ ಯಂತ್ರವಿದೆ, ಮಗುವಿಲ್ಲ; ಇನ್ನೊಂದರಲ್ಲಿ ಮಗುವಿದೆ, ಯಂತ್ರವಿಲ್ಲ.

ಲಕ್ಷಕ್ಕೊಂದು ಕಾಯಿಲೆಗೆ ಇಷ್ಟು ಮಾತೇಕೆ ಎಂದು ಕೇಳುವವರಿಗೆ ಬಿಹಾರದ ಮುಜಫ್ಫರಪುರದ ಕಥೆ ಹೇಳಬೇಕು. ಅಲ್ಲಿ 1995ರಿಂದ ಲಿಚಿ ಹಣ್ಣಿನ ಕಾಲದಲ್ಲಿ, ಮೇ-ಜೂನ್ ತಿಂಗಳಲ್ಲಿ, ಬಡವರ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯುತ್ತಿದ್ದರು. ವರ್ಷಗಟ್ಟಲೆ ಮೆದುಳು ಜ್ವರವೆಂದು ವೈರಸ್ ಹುಡುಕಿದರು. 2014ರ ಹಂಗಾಮಿನಲ್ಲಿ ಆಸ್ಪತ್ರೆ ಸೇರಿದ 390 ಮಕ್ಕಳಲ್ಲಿ 122 ಮಂದಿ ತೀರಿಕೊಂಡರು. ಆ ವರ್ಷದ ತನಿಖೆಯಲ್ಲಿ ಹೆಚ್ಚಿನ ಮಕ್ಕಳ ಸಕ್ಕರೆ ಇಳಿದಿದ್ದುದು ಕಂಡಿತು. ಹಗಲೆಲ್ಲ ತೋಟದಲ್ಲಿ ಲಿಚಿ ತಿಂದು, ರಾತ್ರಿ ಉಣ್ಣದೆ ಮಲಗಿದವರು. ಸೊರಗಿದ ಮಗುವಿನ ಹಗೇವು ಮೊದಲೇ ಖಾಲಿ. ಕೊಬ್ಬು ಸುಟ್ಟು, ಹೊಸ ಗ್ಲುಕೋಸ್ ತಯಾರಿಸಿ ಬದುಕುವ ಇನ್ನೊಂದು ದಾರಿಯನ್ನು ಲಿಚಿಯಲ್ಲಿರುವ ವಿಷ ಮುಚ್ಚಿಬಿಟ್ಟಿತ್ತು. ರಾತ್ರಿ ಮಕ್ಕಳಿಗೆ ಉಣ್ಣಿಸಿ ಮಲಗಿಸಿ, ಫಿಟ್ಸ್ ಬಂದರೆ ಮೊದಲು ಸಕ್ಕರೆ ನೋಡಿ ಸರಿಪಡಿಸಿ ಎಂದು ಹಳ್ಳಿ ಹಳ್ಳಿಗೆ ಹೇಳಿದ ಮೇಲೆ ಸಾವು ಇಳಿಯಿತು. 2019ರಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಕ್ಕಳು ಹೋದರು.

ಗುರುಮಠಕಲ್‌ನಲ್ಲಿ ಲಿಚಿ ಇಲ್ಲ, ಆದರೆ ಖಾಲಿ ಹಗೇವುಗಳಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ತೀವ್ರ ಅಪೌಷ್ಟಿಕತೆಯ ಮಗು ಆಸ್ಪತ್ರೆಗೆ ಬಂದರೆ ಮೊದಲು ನೋಡಬೇಕಾದ್ದು ರಕ್ತದ ಸಕ್ಕರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಕಡಿಮೆ ತೂಕದ, ದಿನ ತುಂಬದ, ಮಧುಮೇಹದ ತಾಯಿಗೆ ಹುಟ್ಟಿದ ಕೂಸುಗಳಲ್ಲೂ ಮೊದಲ ದಿನಗಳಲ್ಲಿ ಸಕ್ಕರೆ ಇಳಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಶಾಲಾಮಕ್ಕಳಲ್ಲಿ ಊಟ ತಡವಾದರೂ ಇಳಿಯುತ್ತದೆ. ಇವರನ್ನೆಲ್ಲ ಸೇರಿಸಿ ನೋಡಿದರೆ ಆ ಆರು ವರ್ಷದ ಹುಡುಗಿ ಒಬ್ಬಂಟಿಯಲ್ಲ.

ಹಾಗೆಂದು ಹೊಸ ಯೋಜನೆ, ಹೊಸ ಕಟ್ಟಡ ಕೇಳಬೇಕಾದ್ದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಂತ್ರ ಊರಿನಲ್ಲೇ ಇದೆ. ಫಿಟ್ಸ್ ಬಂದ, ಎಚ್ಚರ ತಪ್ಪಿದ, ಬೆಳಿಗ್ಗೆ ಎಬ್ಬಿಸಿದರೂ ಏಳದ ಯಾವ ಮಗು ಬಂದರೂ ಮೊದಲು ಒಂದು ಹನಿ ನೋಡುವುದು ಎಂದು ಒಂದು ಸಾಲಿನ ಸುತ್ತೋಲೆ ಹೋದರೆ ಸಾಕು. ಖರ್ಚು ಒಂದು ಸ್ಟ್ರಿಪ್. ಅಷ್ಟರವರೆಗೆ ತಂದೆ ತಾಯಿಯರೇ ಕೇಳಬಹುದು: “ಸಕ್ಕರೆ ನೋಡಿದ್ರೇನ್ರಿ ಡಾಕ್ಟ್ರ?” ಕೇಳಿದರೆ ಯಾರೂ ಬೇಸರಪಡಬೇಕಾದ ಪ್ರಶ್ನೆಯಲ್ಲ. ಗುರುತಾದ ಮಕ್ಕಳಿಗೆ ತಿಂಗಳಿಗಿಷ್ಟು ಸ್ಟ್ರಿಪ್ ಕೊಡುವುದು ಎರಡನೆಯ ಮಾತು. ಅದಕ್ಕೆ ದುಡ್ಡು ಬೇಕು, ಆದರೆ ಲಕ್ಷಕ್ಕೊಬ್ಬರ ಲೆಕ್ಕದಲ್ಲಿ ಒಂದು ಜಿಲ್ಲೆಗೆ ಎಷ್ಟು ಮಕ್ಕಳಾದಾರು! 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳು ಬೆಂಗಳೂರಿನಲ್ಲಿ ಒಂದಿದೆ, ಹೈದರಾಬಾದಿನಲ್ಲಿ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯ ಜೊತೆಗೂಡಿ ಇನ್ನೊಂದಿದೆ. ಗುರುಮಠಕಲ್‌ನವರಿಗೆ ಸ್ವಂತ ರಾಜಧಾನಿಗಿಂತ ಹೈದರಾಬಾದೇ ಹತ್ತಿರ, ಇನ್ನೂರು ಕಿಲೋಮೀಟರ್ ಒಳಗೆ. ಕಾಯಿಲೆಯ ಹೆಸರು ಗೊತ್ತಾದವರಿಗೆ ಮಾತ್ರ ಆ ದಾರಿ ತೆರೆಯುತ್ತದೆ, ಹೆಸರು ಗೊತ್ತಾಗಲು ಮೊದಲ ಹನಿ ಊರಲ್ಲೇ ಬೀಳಬೇಕು.

ವಿದ್ಯಾರ್ಥಿಗಳಿಗೆ ಒಂದೆರಡು ಉಪಯೋಗದ ಮಾತು. ಸಕ್ಕರೆ ಇಳಿಯುವ ಗೆಳೆಯನೋ ಗೆಳತಿಯೋ ಇದ್ದು, ಬೆವೆತು, ನಡುಗಿ, ಸುಮ್ಮಸುಮ್ಮನೆ ಸಿಟ್ಟಾಗಿ, ಮಾತು ತೊದಲಿದರೆ ಅದು ಸೊಕ್ಕಲ್ಲ. ಎಚ್ಚರವಿದ್ದರೆ ಕೂಡಲೇ ಗ್ಲುಕೋಸ್ ಪುಡಿಯ ನೀರು ಕುಡಿಸಿ, ಓಡಿ ಹೋಗಿ ದೊಡ್ಡವರನ್ನು ಕರೆಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹೊಯ್ಯಲೇಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು. ಸೂಜಿಯಿಂದ ಗ್ಲುಕೋಸ್ ಕೊಡಲಾಗದಾಗ ಒಂದು ಚಮಚ ಸಕ್ಕರೆಯನ್ನು ಒಂದೆರಡು ಹನಿ ನೀರಿನಲ್ಲಿ ತೇವ ಮಾಡಿ ನಾಲಿಗೆಯಡಿ ಇಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಕಾರ್ಯಕರ್ತರಿಗೆ ಹೇಳಿಕೊಟ್ಟಿದೆ. ಏನೇ ಮಾಡಿದರೂ ಆಸ್ಪತ್ರೆಗೆ ಹೊರಡುವುದು ನಿಲ್ಲಬಾರದು. ಕೀಲಿ, ಉಳ್ಳಾಗಡ್ಡಿ ಹುಡುಕುತ್ತ ಕಳೆಯುವ ಹತ್ತು ನಿಮಿಷ ಮೆದುಳಿನ ಲೆಕ್ಕದಲ್ಲಿ ದೊಡ್ಡದು.

ಮರುದಿನ ಬೆಳಿಗ್ಗೆ ಆಕೆಯ ಶಾಲೆಗೆ ಹೋದೆ. ನನ್ನದೇ ವೃತ್ತಿಯವರು, ಕೂತು ಮಾತಾಡಿದೆವು. ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯದ ಜಿಲ್ಲೆಗಳಲ್ಲೇ. ಆ ಊಟ ಎಷ್ಟು ಮಕ್ಕಳ ಹಗೇವು ತುಂಬಿದೆಯೋ ಲೆಕ್ಕವಿಲ್ಲ. ಆದರೆ ಈ ಹುಡುಗಿಗೆ ಊಟದ ಗಂಟೆಯವರೆಗೆ ಕಾಯಲು ಆಗುವುದಿಲ್ಲ. ಹನ್ನೊಂದೂವರೆಗೆ ಅಡುಗೆಯ ಅಕ್ಕ ಕೈ ಒರೆಸಿಕೊಂಡು ಬಂದು, ಸ್ಟೀಲ್ ಲೋಟದಲ್ಲಿ ಹಿಟ್ಟು ಕಲಸಿ ಕುಡಿಸಿ ಹೋಗುತ್ತಾಳೆ. ಉಳಿದ ಮಕ್ಕಳು ಮೊದಮೊದಲು ನಮಗೂ ಬೇಕೆಂದು ಹಟ ಮಾಡಿದರಂತೆ. ಒಂದು ದಿನ ಎಲ್ಲರಿಗೂ ಒಂದೊಂದು ಚಮಚ ರುಚಿ ತೋರಿಸಿದ ಮೇಲೆ ಯಾರೂ ಕೇಳಿಲ್ಲ. ಮುಖ್ಯೋಪಾಧ್ಯಾಯರು ಕಪಾಟಿನ ಬಾಗಿಲು ತೆಗೆದು ಒಳಗೆ ಅಂಟಿಸಿದ ಕಾಗದ ತೋರಿಸಿದರು. ಆಕೆಗೆ ಏನಾಗುತ್ತದೆ, ಆದಾಗ ಏನು ಕೊಡಬೇಕು, ಗ್ಲುಕೋಸ್ ಪುಡಿ ಯಾವ ಅರೆಯಲ್ಲಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಮೂರು ಫೋನ್ ನಂಬರು: ಮೊದಲನೆಯದು ಕಿರಾಣಿ ಅಂಗಡಿಯದು, ಎರಡನೆಯದು ಹೈದರಾಬಾದಿನ ಡಾಕ್ಟರದು, ಮೂರನೆಯದು ಶಾಲೆಯ ಎದುರಿನ ಆಟೋದವನದು.